ಒಂದೇ ಹಡಗು, ಎರಡು ಅಕ್ಟೋಬರ್

1994ರ ಅಕ್ಟೋಬರ್ ಕೊನೆ. ಅಮೆರಿಕದ ವಿಮಾನವಾಹಕ ಹಡಗು ಕಿಟ್ಟಿ ಹಾಕ್, ಚೀನಾ ಮತ್ತು ಕೊರಿಯಾ ನಡುವಿನ ಹಳದಿ ಸಮುದ್ರದಲ್ಲಿತ್ತು. ಅದರ ಡೆಕ್ಕಿನಿಂದ ಹಾರಿದ ಎಸ್-3 ವೈಕಿಂಗ್ ವಿಮಾನಗಳಿಗೆ ನೀರಿನಡಿಯಲ್ಲಿ ಒಂದು ಚೀನೀ ಸಬ್‌ಮರೀನ್ ಸಿಕ್ಕಿತು. ಹಾನ್ ವರ್ಗದ ಅಣುಶಕ್ತಿ ಸಬ್‌ಮರೀನ್. ವೈಕಿಂಗ್‌ಗಳು ಬೆನ್ನು ಬಿಡಲಿಲ್ಲ. ಸೋನೊಬಾಯ್ ಎಂಬ ಕೇಳುವ ಕೊಳವೆಗಳನ್ನು ಒಂದರ ಹಿಂದೊಂದು ನೀರಿಗೆ ಬೀಳಿಸುತ್ತಾ ಅದು ಹೋದಲ್ಲೆಲ್ಲ ಹೋದವು. ಇದು ಮೂರು ದಿನ ನಡೆಯಿತು. ಚೀನಾ ತನ್ನ ಫೈಟರ್ ವಿಮಾನಗಳನ್ನು ಎಬ್ಬಿಸಿ ಕಳಿಸಿತು. ಗುಂಡೇನೂ ಹಾರಲಿಲ್ಲ. ಕೊನೆಗೆ ಸಬ್‌ಮರೀನ್ ತನ್ನ ಬಂದರಿನ ಕಡೆ ತಿರುಗಿತು.

2006ರ ಅಕ್ಟೋಬರ್ 26. ಅದೇ ಕಿಟ್ಟಿ ಹಾಕ್. ಈ ಸಲ ಜಪಾನಿನ ಓಕಿನಾವಾ ಬಳಿ. ಸಾಂಗ್ ವರ್ಗದ ಒಂದು ಚೀನೀ ಡೀಸೆಲ್ ಸಬ್‌ಮರೀನ್ ಹಡಗಿನಿಂದ ಎಂಟು-ಒಂಬತ್ತು ಕಿಲೋಮೀಟರ್ ದೂರದಲ್ಲಿ ತಾನಾಗಿ ಮೇಲಕ್ಕೆ ಬಂತು. ಬಂದ ಮೇಲೆಯೇ ಇವರಿಗೆ ಗೊತ್ತಾಗಿದ್ದು. ಅಷ್ಟು ದೂರ ಅಂದರೆ ಟಾರ್ಪಿಡೊ ಬಿಡಲು ಆರಾಮಾದ ದೂರ.

ಹನ್ನೆರಡು ವರ್ಷದಲ್ಲಿ ಏನಾಯಿತು? ಅದೇ ಈ ಪ್ರಕರಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಎರಡೂ ಒಂದೇ ಪರೀಕ್ಷೆಯ ಎರಡು ಉತ್ತರ ಪತ್ರಿಕೆಗಳೇನಲ್ಲ. ಹಾನ್ ಸದ್ದು ಮಾಡುವುದಕ್ಕೆ ಹೆಸರಾದ ಸಬ್‌ಮರೀನ್. ಸಾಂಗ್ ಬ್ಯಾಟರಿಯ ಮೇಲೆ ಓಡುವಾಗ ತುಂಬ ಮೆತ್ತಗೆ ಹೋಗುತ್ತದೆ. ಅದೂ ಅಲ್ಲದೆ, ಆ ದಿನ ನಮ್ಮ ಹಡಗುಗಳು ಸಬ್‌ಮರೀನ್ ಹುಡುಕುತ್ತಿರಲಿಲ್ಲ ಎಂದು ಪೆಸಿಫಿಕ್ ಪಡೆಯ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ಫಾಲನ್ ಹೇಳಿದ್ದರು. ಹಾಗಾಗಿ ವೈಕಿಂಗ್ ಇದ್ದಿದ್ದರೆ ಹಿಡಿದೇ ಬಿಡುತ್ತಿತ್ತು ಅಂತ ವಾದ ಮಾಡಲು ನಾನು ತಯಾರಿಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. 1994ರಲ್ಲಿ ಹಡಗಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆ ಹೋಗಿ ನೀರಿಗೆ ಕಿವಿ ಕೊಡುವ ವಿಮಾನವಿತ್ತು. 2006ರಲ್ಲಿ ಆ ಹಡಗಿನ ಮೇಲೆ ಅಂಥದ್ದೊಂದು ಇರಲೇ ಇಲ್ಲ. ಯಾರೂ ಅದನ್ನು ಹೊಡೆದುರುಳಿಸಿರಲಿಲ್ಲ. ಕಾಗದದ ಮೇಲೆ ಒಂದು ತೀರ್ಮಾನವಾಗಿತ್ತು, ಅಷ್ಟೇ.

ಹೂವರ್ ಎಂಬ ವಿಮಾನ

ವೈಕಿಂಗ್ ಹುಟ್ಟಿದ್ದು ಸೋವಿಯತ್ ಸಬ್‌ಮರೀನ್‌ಗಳ ಹೆದರಿಕೆಯಿಂದ. ಅದಕ್ಕೂ ಮೊದಲು ಈ ಕೆಲಸ ಮಾಡುತ್ತಿದ್ದದ್ದು ಗ್ರಮ್ಮನ್ ಕಂಪನಿಯ ಟ್ರ್ಯಾಕರ್. ಎರಡು ಪಿಸ್ಟನ್ ಎಂಜಿನ್, ಎರಡು ಪ್ರೊಪೆಲ್ಲರ್, ನಿಧಾನದ ಗಟ್ಟಿ ವಿಮಾನ. ಅಣುಶಕ್ತಿ ಸಬ್‌ಮರೀನ್‌ಗಳು ಬಂದ ಮೇಲೆ ಅದರ ಓಟ ಸಾಲದಾಯಿತು. 1969ರಲ್ಲಿ ಲಾಕ್‌ಹೀಡ್ ಕಂಪನಿಗೆ ಹೊಸ ವಿಮಾನದ ಗುತ್ತಿಗೆ ಸಿಕ್ಕಿತು. 1972ರ ಜನವರಿ 21ರಂದು ವೈಕಿಂಗ್ ಮೊದಲ ಸಲ ಹಾರಿತು. 1974ರಲ್ಲಿ ಸ್ಯಾನ್ ಡಿಯಾಗೋದ ನಾರ್ತ್ ಐಲೆಂಡ್ ನೆಲೆಯಲ್ಲಿ ಸೇವೆಗೆ ಸೇರಿತು. 1978ಕ್ಕೆ ಕಾರ್ಖಾನೆಯಲ್ಲಿ ತಯಾರಿಯೇ ನಿಂತಿತು. ಒಟ್ಟು ತಯಾರಾದವು ಇನ್ನೂರಕ್ಕೂ ಕಡಿಮೆ.

ನೋಡಲು ಚಂದದ ವಿಮಾನವೇನಲ್ಲ. ಗುಂಡು ಹೊಟ್ಟೆ, ಗಿಡ್ಡ ಮೈ, ರೆಕ್ಕೆಯ ಕೆಳಗೆ ಎರಡು ದಪ್ಪ ಜೆಟ್ ಎಂಜಿನ್. ಜನರಲ್ ಎಲೆಕ್ಟ್ರಿಕ್‌ನ ಟಿಎಫ್34 ಎಂಜಿನ್ ಅದು. ಅದರ ಸದ್ದು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್‌ನ ಹಾಗೆ ಕೊಂಯ್ ಅನ್ನುತ್ತಿತ್ತು. ಅದಕ್ಕೇ ಹಡಗಿನವರು ಇದಕ್ಕೆ ಹೂವರ್ ಅಂತ ಹೆಸರಿಟ್ಟರು. ನಮ್ಮ ಕಡೆಯ ಹುಡುಗರು ಡೆಕ್ ಮೇಲೆ ಇದ್ದಿದ್ದರೆ ಮಿಕ್ಸಿ ಅಂತ ಕರೆಯುತ್ತಿದ್ದರೋ ಏನೋ.

ಜಾಗ ಉಳಿಸುವ ಲೆಕ್ಕ ಮಾತ್ರ ಸೊಗಸಾಗಿತ್ತು. ರೆಕ್ಕೆ ಬಿಚ್ಚಿದರೆ 20.9 ಮೀಟರ್ ಅಗಲ. ಮಡಿಸಿದರೆ 9 ಮೀಟರ್. ಎರಡು ರೆಕ್ಕೆ ಮಡಿಸಿದಾಗ ಒಂದಕ್ಕೊಂದು ತಾಗಬಾರದಲ್ಲ? ಅದಕ್ಕೆ ಕೀಲುಗಳನ್ನು ಸ್ವಲ್ಪ ಓರೆಯಾಗಿ ಇಟ್ಟು, ಒಂದು ರೆಕ್ಕೆ ಇನ್ನೊಂದರ ಮುಂದೆ ಬರುವಂತೆ ಮಾಡಿದ್ದರು. ಬಾಲದ ನಿಂತ ರೆಕ್ಕೆ ಕೂಡ ಪಕ್ಕಕ್ಕೆ ಮಲಗುತ್ತಿತ್ತು. ಅದು ಮಲಗಿದರೆ 6.9 ಮೀಟರ್ ಎತ್ತರದ ವಿಮಾನ 4.7 ಮೀಟರಿಗೆ ಇಳಿಯುತ್ತಿತ್ತು. ಮುಂದಿನ ಚಕ್ರದ ಕಾಲನ್ನು ಎ-7 ವಿಮಾನದಿಂದ, ಹಿಂದಿನ ಕಾಲುಗಳನ್ನು ಎಫ್-8 ವಿಮಾನದಿಂದ ತಂದು ಹೊಂದಿಸಿದ್ದರು. ಎಲ್ಲವನ್ನೂ ಹೊಸದಾಗಿ ಮಾಡುವ ಹಟ ಇರಲಿಲ್ಲ.

ಒಳಗೆ ನಾಲ್ಕು ಜನ. ಪೈಲಟ್, ಪಕ್ಕದಲ್ಲಿ ಇನ್ನೊಬ್ಬ, ಹಿಂದೆ ಬೇಟೆಯ ಯೋಜನೆ ಹಾಕುವ ಅಧಿಕಾರಿ, ಅವನ ಪಕ್ಕ ಸೆನ್ಸರ್ ಆಪರೇಟರ್. ಈ ನಾಲ್ಕನೆಯವನು ಅಧಿಕಾರಿಯಲ್ಲ, ನಾವಿಕ. ಆದರೆ ವಿಮಾನದ ಕಿವಿ ಅವನೇ. ಸೋನೊಬಾಯ್ ರೇಡಿಯೊ ಮೂಲಕ ಕಳಿಸಿದ ಸದ್ದು ಅವನ ಮುಂದೆ ಗೆರೆಗಳಾಗಿ ಮೂಡುತ್ತಿತ್ತು. ಯಾವ ಗೆರೆ ಪ್ರೊಪೆಲ್ಲರ್‌ನದು, ಯಾವುದು ಪಂಪಿನದು, ಯಾವುದು ಮೀನು ಹಿಡಿಯುವ ದೋಣಿಯದು ಅಂತ ಬಿಡಿಸಿ ಹೇಳಬೇಕಿತ್ತು. ಒಂದು ಸುಲಭದ ಗುರುತು ಕೇಳಿ. ಅಮೆರಿಕದ ಹಡಗುಗಳ ಕರೆಂಟು 60 ಹರ್ಟ್ಜ್. ಸೋವಿಯತ್ ಸಬ್‌ಮರೀನ್‌ಗಳದ್ದು 50 ಹರ್ಟ್ಜ್. ನಮ್ಮ ಮನೆಯ ಕರೆಂಟೂ ಅದೇ 50. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಗುಂಯ್ ಅನ್ನುತ್ತದಲ್ಲ, ಆ ಗುಂಯ್ ಸಮುದ್ರದ ಅಡಿಯಿಂದ ಬಂದರೆ ಅಲ್ಲಿ ಯಾರೋ ಇದ್ದಾರೆ ಅಂತ ಅರ್ಥ.

ವಿಮಾನದ ಹಿಂಬದಿಯ ಹೊಟ್ಟೆಯಲ್ಲಿ 60 ತೂತುಗಳು. ಒಂದೊಂದರಲ್ಲಿ ಒಂದೊಂದು ಸೋನೊಬಾಯ್. ಸುಮಾರು 90 ಸೆಂಟಿಮೀಟರ್ ಉದ್ದ, ಕೈಯಗಲದ ಕೊಳವೆ. ನೀರಿಗೆ ಬಿದ್ದ ಕೂಡಲೇ ಅರ್ಧ ಭಾಗ ತೇಲುತ್ತದೆ, ಇನ್ನರ್ಧದಿಂದ ತಂತಿಯ ತುದಿಯಲ್ಲಿ ಮೈಕು ಕೆಳಗಿಳಿಯುತ್ತದೆ. ಕೆಲವು ಗಂಟೆ ಕೇಳಿಸಿಕೊಂಡು, ಅವಧಿ ಮುಗಿದ ಮೇಲೆ ತಾನೇ ಮುಳುಗುತ್ತದೆ. ಬಾಲದಿಂದ ಒಂದು ಉದ್ದನೆಯ ಕೋಲು ಹೊರಗೆ ಬರುತ್ತಿತ್ತು. ಸಬ್‌ಮರೀನ್‌ನ ಉಕ್ಕು ಭೂಮಿಯ ಕಾಂತಶಕ್ತಿಯಲ್ಲಿ ಮಾಡುವ ಸಣ್ಣ ಅಲುಗಾಟವನ್ನು ಅಳೆಯುವ ಉಪಕರಣ ಅದರ ತುದಿಯಲ್ಲಿತ್ತು. ವಿಮಾನದ ಸ್ವಂತ ಕಬ್ಬಿಣ ಅಡ್ಡ ಬರಬಾರದೆಂದೇ ಅಷ್ಟು ದೂರ ಚಾಚಿದ್ದು.

ಕಂದು ಅಂಗಿ, ಹಸಿರು ಅಂಗಿ

ಇಲ್ಲಿಯವರೆಗೆ ಹೇಳಿದ್ದು ಯಾವ ವಿಮಾನದ ಪುಸ್ತಕದಲ್ಲೂ ಸಿಗುತ್ತದೆ. ಈ ಪ್ರಕರಣದ ಜೀವ ಇರುವುದು ಡೆಕ್ ಮೇಲೆ.

ಒಂದು ವೈಕಿಂಗ್ ದಳದಲ್ಲಿ ಸಾಮಾನ್ಯವಾಗಿ ಎಂಟು ವಿಮಾನ. ಹಾರುವವರು ಕೆಲವೇ ಜನ. ದಳದ ಹೆಚ್ಚಿನವರು ಹಾರದವರು, ಅಂದರೆ ಹಾರಿಸುವವರು. ಹಗಲು ಪಾಳಿ, ರಾತ್ರಿ ಪಾಳಿ, ಎರಡೂ ಹನ್ನೆರಡು ಗಂಟೆ. ಡೆಕ್ ಮೇಲೆ ಯಾರು ಏನು ಕೆಲಸದವರು ಅಂತ ಅಂಗಿಯ ಬಣ್ಣವೇ ಹೇಳುತ್ತದೆ. ರಿಪೇರಿಯವರದು ಹಸಿರು. ಮದ್ದುಗುಂಡಿನವರದು ಕೆಂಪು. ಇಂಧನ ತುಂಬುವವರದು ನೇರಳೆ. ವಿಮಾನಕ್ಕೆ ದಾರಿ ತೋರಿಸುವವರದು ಹಳದಿ. ಕಂದು ಅಂಗಿಯವನು ಪ್ಲೇನ್ ಕ್ಯಾಪ್ಟನ್.

ಪ್ಲೇನ್ ಕ್ಯಾಪ್ಟನ್ ಅಂದ ಕೂಡಲೇ ಮೀಸೆ ಹೊತ್ತ ಹಿರಿಯ ಅಧಿಕಾರಿಯನ್ನು ಊಹಿಸಬೇಡಿ. ಬಹುಪಾಲು ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗ ಅಥವಾ ಹುಡುಗಿ. ಪಿಯುಸಿ ಮುಗಿಸಿ ಎರಡು ವರ್ಷ ಆಗಿರುವ ವಯಸ್ಸು. ಆದರೆ ವಿಮಾನ ಅವರದು. ಹಾರುವ ಮೊದಲು ಮೂಗಿನಿಂದ ಬಾಲದವರೆಗೆ ನೋಡುವುದು, ಎಣ್ಣೆ ಮಟ್ಟ ನೋಡುವುದು, ಟೈರು ನೋಡುವುದು, ಸರಪಳಿಯಿಂದ ಕಟ್ಟುವುದು, ಬಿಚ್ಚುವುದು, ಗಾಜು ಒರೆಸುವುದು, ಪೈಲಟ್‌ನನ್ನು ಸೀಟಿಗೆ ಕಟ್ಟಿಸುವುದು, ಕೈಸನ್ನೆಯಲ್ಲಿ ಎಂಜಿನ್ ಶುರು ಮಾಡಿಸುವುದು. ಪೈಲಟ್ ಬಂದು ವಿಮಾನ ಸ್ವಲ್ಪ ಹೊತ್ತು ಎರವಲು ತೆಗೆದುಕೊಂಡು ಹೋಗುತ್ತಾನೆ ಅಂತ ಇವರು ತಮಾಷೆ ಮಾಡುವುದುಂಟು. ವಿಮಾನದ ಬದಿಯಲ್ಲಿ ಪೈಲಟ್ ಹೆಸರಿನ ಹಾಗೆಯೇ ಪ್ಲೇನ್ ಕ್ಯಾಪ್ಟನ್ ಹೆಸರನ್ನೂ ಬರೆಯುವ ರೂಢಿ ಇದೆ.

ಹಡಗಿನ ಮೇಲಿನ ವಿಮಾನಕ್ಕೆ ದೊಡ್ಡ ಶತ್ರು ಉಪ್ಪು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳೂರು, ಉಡುಪಿಯಲ್ಲಿ ಕಿಟಕಿ ಸರಳಿಗೆ ಆಗುವ ಗತಿ ನೋಡಿದವರಿಗೆ, ಡೆಕ್ ಮೇಲೆ ಆರು ತಿಂಗಳು ಉಪ್ಪು ಗಾಳಿಯಲ್ಲಿ ನಿಂತ ಅಲ್ಯೂಮಿನಿಯಂ ಮೈಯ ಕತೆ ಅರ್ಥವಾಗುತ್ತದೆ. ಸಿಹಿನೀರಿನಲ್ಲಿ ತೊಳೆಯಬೇಕು. ಮೂಲೆ ಮೂಲೆ ತೆಗೆದು ನೋಡಬೇಕು. ಬಣ್ಣ ಎದ್ದ ಕಡೆ ಉಜ್ಜಿ, ಮದ್ದು ಹಚ್ಚಿ, ಮತ್ತೆ ಬಣ್ಣ ಹೊಡೆಯಬೇಕು. ಮಡಿಸುವ ರೆಕ್ಕೆ, ಮಡಿಸುವ ಬಾಲ ಅಂದರೆ ಇನ್ನೂ ಜಾಸ್ತಿ ಕೀಲು, ಜಾಸ್ತಿ ಹೈಡ್ರಾಲಿಕ್ ಪೈಪು, ಜಾಸ್ತಿ ಸೋರಿಕೆ. ವೈಕಿಂಗ್‌ನ ಹೊಟ್ಟೆಯಲ್ಲಂತೂ 60 ತೆರೆದ ಬಾಯಿಗಳು. ಒಂದೊಂದೂ ಉಪ್ಪು ನೀರಿಗೆ ದಾರಿ.

ಆ ತೂತುಗಳ ಕೆಲಸ ಕೇಳಿ. ಸೋನೊಬಾಯ್‌ಗಳನ್ನು ಹೊರಗಿನಿಂದ, ಡೆಕ್ ಮೇಲೆ ನಿಂತೇ ತುಂಬಬೇಕು. ಹಾರಾಟದಲ್ಲಿ ಮತ್ತೆ ತುಂಬಲು ಆಗುವುದಿಲ್ಲ. ಯಾವ ತೂತಿನಲ್ಲಿ ಯಾವ ಬಗೆಯ ಕೊಳವೆ, ಅದು ಯಾವ ರೇಡಿಯೊ ಚಾನೆಲ್‌ನಲ್ಲಿ ಮಾತಾಡುತ್ತದೆ ಅನ್ನುವ ಪಟ್ಟಿ ಸರಿ ಇರಬೇಕು. ಡೆಕ್ ಮೇಲೆ ಆದ ಒಂದು ಅದಲುಬದಲು, ಸಮುದ್ರದ ಮೇಲೆ ಹೋದಾಗ ಸುಳ್ಳು ದಿಕ್ಕು ತೋರಿಸುತ್ತದೆ. ಒಂದೊಂದು ಕೊಳವೆಯನ್ನೂ ಹೊರಗೆ ತಳ್ಳಲು ಸಣ್ಣ ಸಿಡಿಮದ್ದಿನ ತೋಟಾ ಇರುತ್ತದೆ. ಗಾಳಿ, ಕತ್ತಲು, ಪಕ್ಕದಲ್ಲೇ ಇನ್ನೊಂದು ವಿಮಾನದ ಎಂಜಿನ್, ಕೈಯಲ್ಲಿ ತೋಟಾ ಇರುವ ಕೊಳವೆ. ಬಗ್ಗಿ ಬಗ್ಗಿ ಅರವತ್ತು ಸಲ.

ಉಪಕರಣ ಹುಡುಕುವ ಶಿಸ್ತೂ ಹಾಗೆಯೇ. ಟೂಲ್ ಬಾಕ್ಸಿನಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗುಳಿ ಇರುತ್ತದೆ. ಕೆಲಸ ಮುಗಿದಾಗ ಒಂದು ಗುಳಿ ಖಾಲಿ ಕಂಡರೆ ಮುಗಿಯಿತು. ಆ ಸ್ಪ್ಯಾನರ್ ಸಿಗುವ ತನಕ ವಿಮಾನ ಹಾರುವಂತಿಲ್ಲ. ದಿನವೂ ಡೆಕ್ ಮೇಲೆ ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಡೆದು ಮೊಳೆ, ತಂತಿ ಚೂರು, ಕಲ್ಲು ಹೆಕ್ಕುತ್ತಾರೆ. ಸುಗ್ಗಿ ಮುಗಿದ ಗದ್ದೆಯಲ್ಲಿ ತೆನೆ ಆಯ್ದ ಹಾಗೆ. ಹೂವರ್ ಎಂಬ ಹೆಸರಿನ ವಿಮಾನ ಡೆಕ್ ಮೇಲಿನ ಕಸ ನುಂಗಬಾರದಲ್ವಾ.

ಇನ್ನು ಬಿಡಿಭಾಗ. ಸಮುದ್ರದ ಮಧ್ಯೆ ಸ್ಪೇರ್ ಪಾರ್ಟ್ ಅಂಗಡಿ ಇಲ್ಲ. ಬೇಕಾದ ಡಬ್ಬ ಸಿಗದಿದ್ದರೆ ನಿಂತ ವಿಮಾನದಿಂದ ಕಿತ್ತು ಹಾರುವ ವಿಮಾನಕ್ಕೆ ಹಾಕುತ್ತಾರೆ. ಹಾಗೆ ದಿನಗಟ್ಟಲೆ ಕೊಟ್ಟು ಕೊಟ್ಟು ಮೂಲೆ ಸೇರಿದ ವಿಮಾನಕ್ಕೆ ಹ್ಯಾಂಗರ್ ಕ್ವೀನ್ ಅಂತ ಹೆಸರು. ಮರ್ಯಾದೆಯ ಹೆಸರೇನಲ್ಲ. ಒಂದು ಭಾಗಕ್ಕೆ ಎರಡು ಸಲ ಕೆಲಸ. ಇಲ್ಲಿ ಬಿಚ್ಚಬೇಕು, ಅಲ್ಲಿ ಕಟ್ಟಬೇಕು, ಹೊಸದು ಬಂದಾಗ ಇಲ್ಲಿ ಮತ್ತೆ ಕಟ್ಟಬೇಕು.

ವೈಕಿಂಗ್‌ನಲ್ಲಿ ಇದರ ಮೇಲೆ ಎಲೆಕ್ಟ್ರಾನಿಕ್ಸ್ ಹೊರೆ. ಯುನಿವ್ಯಾಕ್‌ನ ಡಿಜಿಟಲ್ ಕಂಪ್ಯೂಟರ್ ಒಳಗಿತ್ತು. 1970ರ ದಶಕದಲ್ಲಿ ಹಡಗಿನ ವಿಮಾನಕ್ಕೆ ಅದು ಭಾರಿ ಸಂಗತಿ. ಕೆಟ್ಟ ಡಬ್ಬವನ್ನು ಕಿತ್ತು ಹಡಗಿನೊಳಗಿನ ವರ್ಕ್‌ಶಾಪಿಗೆ ಒಯ್ದು ಟೆಸ್ಟ್ ಬೆಂಚಿಗೆ ಸಿಕ್ಕಿಸುತ್ತಿದ್ದರು. ಸಬ್‌ಮರೀನ್ ಹುಡುಕುವ ಉಪಕರಣಗಳಿಗೆಂದೇ ಅಮೆರಿಕದ ನೌಕಾಪಡೆಯಲ್ಲಿ ಎಎಕ್ಸ್ ಎಂಬ ಪ್ರತ್ಯೇಕ ಮೆಕ್ಯಾನಿಕ್ ಪಂಗಡ ಇತ್ತು. ನಂಬರ್ ನೋಡಿ ಡಬ್ಬ ಬದಲಿಸುವುದು ಯಾರಿಗಾದರೂ ಬರುತ್ತದೆ. ಡಬ್ಬ ಸರಿಯಿದೆ ಅಂತ ಯಂತ್ರ ಹೇಳುತ್ತಿದೆ, ಆದರೆ ಆಪರೇಟರ್ ಮಾತ್ರ ಗೆರೆ ಮಸುಕು ಅನ್ನುತ್ತಿದ್ದಾನೆ ಎನ್ನುವಾಗ ಯಾರು ಹೇಳುವುದು ನಿಜ ಅಂತ ತೀರ್ಮಾನಿಸಲು ವರ್ಷಗಟ್ಟಲೆ ಅನುಭವ ಬೇಕು. 1990ರ ದಶಕದ ಶುರುವಿನಲ್ಲೇ ಈ ಪಂಗಡವನ್ನು ಸಾಮಾನ್ಯ ಎಲೆಕ್ಟ್ರಾನಿಕ್ಸ್ ಪಂಗಡಕ್ಕೆ ಸೇರಿಸಿಬಿಟ್ಟರು. ವಿಮಾನದ ಕಿವಿ ಹೋಗುವ ಮೊದಲೇ ಕಿವಿ ವೈದ್ಯರ ಬೋರ್ಡು ಇಳಿದಿತ್ತು.

1998

1991ಕ್ಕೆ ಸೋವಿಯತ್ ಒಕ್ಕೂಟ ಇಲ್ಲವಾಯಿತು. ರಷ್ಯಾದ ಸಬ್‌ಮರೀನ್‌ಗಳು ಬಂದರಿನಲ್ಲೇ ತುಕ್ಕು ಹಿಡಿಯತೊಡಗಿದವು. 1993ರಲ್ಲಿ ವೈಕಿಂಗ್ ದಳಗಳ ಹೆಸರಿನಿಂದ ಸಬ್‌ಮರೀನ್ ವಿರೋಧಿ ಅನ್ನುವ ಪದ ತೆಗೆದು ಸಮುದ್ರ ನಿಯಂತ್ರಣ ದಳ ಅಂತ ಮಾಡಿದರು. ಅದರ ಮರುವರ್ಷವೇ ಹಳದಿ ಸಮುದ್ರದ ಘಟನೆ ಆಯಿತು ಅನ್ನುವುದು ವಿಚಿತ್ರ. 1998ರಲ್ಲಿ ತೀರ್ಮಾನ ಪೂರ್ತಿಯಾಯಿತು. ವೈಕಿಂಗ್ ಇನ್ನು ಸಬ್‌ಮರೀನ್ ಹುಡುಕುವುದಿಲ್ಲ.

ಬಾಲದ ಕೋಲು ತೆಗೆದರು. ಸದ್ದು ಬಿಡಿಸುವ ಎಲೆಕ್ಟ್ರಾನಿಕ್ಸ್ ಕಿತ್ತರು. ನೂರಾರು ಪೌಂಡ್ ತೂಕ ಇಳಿಯಿತು. ಹೊಟ್ಟೆಯ ತೂತುಗಳಲ್ಲಿ ಬಹುಪಾಲಿಗೆ ಲೋಹದ ತಗಡು ಹೊದಿಸಿ ಮುಚ್ಚಿದರು. ಆ ತಗಡು ಕೂರಿಸಿದವರು ಅದೇ ಹಸಿರು ಅಂಗಿಯವರು. ಉಪ್ಪು ನೀರು ಹೋಗುವ ದಾರಿ ಮುಚ್ಚಿತಲ್ಲ ಅಂತ ಒಳಗೊಳಗೇ ಖುಷಿಪಟ್ಟವರೂ ಇದ್ದಿರಬಹುದು. ನಾನಾಗಿದ್ದರೆ ಪಡುತ್ತಿದ್ದೆ. ಹಿಂದಿನ ಸೀಟಿನ ಸೆನ್ಸರ್ ಆಪರೇಟರ್‌ಗಳು ಬೇರೆ ಕೆಲಸಗಳಿಗೆ ಹೋದರು.

ಇದನ್ನು ಮೂರ್ಖ ತೀರ್ಮಾನ ಅಂತ ಹೇಳುವುದು ಈಗ ಸುಲಭ. ನನಗೆ ಹಾಗನ್ನಿಸುವುದಿಲ್ಲ. 1998ರಲ್ಲಿ ಕುಳಿತು ಯೋಚಿಸಿದರೆ ಎದುರಾಳಿಯೇ ಇರಲಿಲ್ಲ. ಸದ್ದು ಬಿಡಿಸುವ ಉಪಕರಣವನ್ನು ಹೊಸದು ಮಾಡಲು ದೊಡ್ಡ ಮೊತ್ತ ಬೇಕಿತ್ತು. ಹಡಗಿನ ಹತ್ತಿರದ ಕಾವಲಿಗೆ ಹೆಲಿಕಾಪ್ಟರ್ ಇತ್ತು, ದೂರದ ಕಾವಲಿಗೆ ನೆಲದಿಂದ ಹಾರುವ ಪಿ-3 ಒರಾಯನ್ ಇತ್ತು. ಹಡಗುಗಳ ಕೆಲಸವೂ ಬದಲಾಗಿತ್ತು. ಇರಾಕ್, ಬಾಸ್ನಿಯಾ ಎಂದು ನೆಲದ ಮೇಲೆ ಬಾಂಬು ಹಾಕುವುದೇ ಮುಖ್ಯ ಕಸುಬಾಗಿತ್ತು.

ತಪ್ಪಿದ್ದು ಎಲ್ಲಿ ಅಂದರೆ, ಬೇಕಾದಾಗ ವಾಪಸ್ ತರಬಹುದು ಅನ್ನುವ ನಂಬಿಕೆಯಲ್ಲಿ. ಡಬ್ಬಗಳನ್ನು ಗೋದಾಮಿನಿಂದ ತರಬಹುದು. ಮೂರು ಗೆರೆ ನೋಡಿ ಇದು ಇಂಥ ಸಬ್‌ಮರೀನ್ ಅನ್ನುವವನನ್ನು ಎಲ್ಲಿಂದ ತರುವುದು? ಅವನಿಗೆ ಕಲಿಸಿದವನು ನಿವೃತ್ತನಾಗಿದ್ದಾನೆ. ಅವನಿಂದ ಕಲಿಯಬೇಕಾದವನು ನೌಕಾಪಡೆಗೆ ಸೇರಿದಾಗ ಆ ಸೀಟೇ ಇಲ್ಲ. ಊರಿನ ಒಂದು ಯಕ್ಷಗಾನ ಮೇಳ ಹತ್ತು ವರ್ಷ ತಿರುಗಾಟ ನಿಲ್ಲಿಸಿದರೆ ಏನಾಗುತ್ತದೆ ಯೋಚಿಸಿ. ವೇಷ, ಕಿರೀಟ ಪೆಟ್ಟಿಗೆಯಲ್ಲಿ ಹಾಗೇ ಇರುತ್ತವೆ. ಭಾಗವತರು ಇರುವುದಿಲ್ಲ.

ಇನ್ನೊಂದು ಸಂಗತಿ ದೂರದ್ದು. ಸೋವಿಯತ್ ಕಾಲದ ಆಸ್ಕರ್ ವರ್ಗದ ಸಬ್‌ಮರೀನ್‌ಗಳು 500 ಕಿಲೋಮೀಟರಿಗಿಂತ ದೂರದಿಂದಲೇ ಹಡಗಿಗೆ ಕ್ಷಿಪಣಿ ಬಿಡಬಲ್ಲವು. ಹಡಗಿನ ಹೆಲಿಕಾಪ್ಟರ್ ಅಷ್ಟು ದೂರ ಹೋಗಿ ಗಂಟೆಗಟ್ಟಲೆ ಸುತ್ತಲಾರದು. ಪಿ-3 ಹೋಗಬಲ್ಲದು, ಹತ್ತಿರದಲ್ಲಿ ಅದಕ್ಕೊಂದು ರನ್‌ವೇ ಇದ್ದರೆ. ಆ ನಡುವಿನ ವರ್ತುಲ ವೈಕಿಂಗ್‌ನದಾಗಿತ್ತು. 1998ರ ನಂತರ ಅದು ಯಾರದೂ ಅಲ್ಲ.

ಪೆಟ್ರೋಲ್ ಬಂಕ್

ಕಿವಿ ಹೋದ ವಿಮಾನಕ್ಕೆ ಹೊಸ ಕೆಲಸ ಸಿಕ್ಕಿತು. ಹಡಗಿನ ಮೇಲಿದ್ದ ಎ-6 ಇಂಟ್ರೂಡರ್‌ಗಳು 1997ರಲ್ಲಿ ನಿವೃತ್ತವಾದವು. ಆಕಾಶದಲ್ಲಿ ಬೇರೆ ವಿಮಾನಗಳಿಗೆ ಇಂಧನ ಕೊಡಲು ವೈಕಿಂಗ್ ಬಿಟ್ಟರೆ ಯಾರೂ ಉಳಿಯಲಿಲ್ಲ. ಒಂದು ರೆಕ್ಕೆಯ ಕೆಳಗೆ ಇಂಧನ ಕೊಡುವ ಪೈಪಿನ ಡಬ್ಬ, ಇನ್ನೊಂದರ ಕೆಳಗೆ ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡು ಸುತ್ತುತ್ತಿತ್ತು. ರಾತ್ರಿ ಹೊತ್ತು, ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಡೆಕ್ಕಿನ ತಂತಿ ಸಿಗದೆ ಮತ್ತೆ ಮತ್ತೆ ಮೇಲೇಳುವ ಫೈಟರ್ ಪೈಲಟ್‌ಗೆ ಮೇಲೆ ಒಂದು ಹೂವರ್ ಇದೆ ಅನ್ನುವುದೇ ಧೈರ್ಯ. ಕಡಿಮೆ ಕುಡಿಯುವ ಎಂಜಿನ್, ತಾಸುಗಟ್ಟಲೆ ತೇಲುವ ರೆಕ್ಕೆ. ಸಬ್‌ಮರೀನ್‌ಗಾಗಿ ಮಾಡಿದ ಗುಣ ಇಲ್ಲಿ ಕೆಲಸಕ್ಕೆ ಬಂತು.

2003ರ ಮಾರ್ಚ್ 25ರಂದು ಕಾನ್‌ಸ್ಟೆಲೇಶನ್ ಹಡಗಿನ ಒಂದು ವೈಕಿಂಗ್ ಬಸ್ರಾದಲ್ಲಿ ಸದ್ದಾಂ ಹುಸೇನರ ಐಷಾರಾಮಿ ನೌಕೆಗೆ ಮ್ಯಾವರಿಕ್ ಕ್ಷಿಪಣಿ ಹೊಡೆಯಿತು. ಅದೇ ಮೇ 1ರಂದು ಅಧ್ಯಕ್ಷ ಜಾರ್ಜ್ ಬುಷ್ ಅಬ್ರಹಾಂ ಲಿಂಕನ್ ಹಡಗಿನ ಮೇಲೆ ಬಂದಿಳಿದದ್ದೂ ವೈಕಿಂಗ್‌ನಲ್ಲೇ. ಪೈಲಟ್ ಉಡುಪಿನ ಆ ಫೋಟೊ ನೀವೂ ನೋಡಿರುತ್ತೀರಿ. ಕಿಟಕಿಯ ಕೆಳಗೆ ಪೈಲಟ್ ಹೆಸರು ಬರೆಯುವ ಜಾಗದಲ್ಲಿ ಅಧ್ಯಕ್ಷರ ಹೆಸರು ಬರೆದಿದ್ದರು. ಆ ವಿಮಾನ ಈಗ ಪೆನ್ಸಕೋಲಾದ ಮ್ಯೂಸಿಯಂನಲ್ಲಿದೆ. ಆ ವಿಮಾನ ಹುಟ್ಟಿದ್ದು ಯಾತಕ್ಕೆ ಅಂತ ಆ ದಿನ ಟಿವಿ ನೋಡಿದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಆಮೇಲೆ ದಳಗಳು ಒಂದೊಂದಾಗಿ ಮುಚ್ಚಿದವು. ಕಿಟ್ಟಿ ಹಾಕ್‌ನ ಜೊತೆಗಿದ್ದ ದಳ 2005ರಲ್ಲಿ ಹೋಯಿತು. ಹಾಗಾಗಿ ಸಾಂಗ್ ಮೇಲೆದ್ದ ದಿನ ಆ ಹಡಗಿನ ಮೇಲೆ ಕಿವುಡ ವೈಕಿಂಗ್ ಕೂಡ ಇರಲಿಲ್ಲ. ಕೊನೆಯ ದಳ ವಿಎಸ್-22. ಅದರ ಕೊನೆಯ ಯುದ್ಧದ ಕೆಲಸ ಇರಾಕಿನ ಮರುಭೂಮಿಯ ಅಲ್ ಅಸದ್ ನೆಲೆಯಲ್ಲಿ, 2008ರಲ್ಲಿ. ಕ್ಯಾಮೆರಾ ಕಟ್ಟಿಕೊಂಡು ರಸ್ತೆಗಳನ್ನು ಕಾಯುವುದು. ಉಪ್ಪು ತೊಳೆದು ತೊಳೆದು ಸಾಕಾದ ಮೆಕ್ಯಾನಿಕ್‌ಗಳು ಈಗ ಮರಳು ಗುಡಿಸಿದರು. 2009ರ ಜನವರಿ ಕೊನೆಗೆ ಆ ದಳವೂ ಮುಚ್ಚಿತು.

ಲೆಕ್ಕದ ಇನ್ನೊಂದು ಬದಿ ನಿಧಾನವಾಗಿ ತೆರೆದುಕೊಂಡಿತು. ಇಂಧನ ಕೊಡುವ ಕೆಲಸ ಸೂಪರ್ ಹಾರ್ನೆಟ್ ಫೈಟರ್‌ಗಳ ಹೆಗಲಿಗೆ ಬಂತು. ಅವುಗಳ ಹಾರಾಟದಲ್ಲಿ ಶೇಕಡಾ 20ರಿಂದ 30ರಷ್ಟು ಇದಕ್ಕೇ ಖರ್ಚಾಗುತ್ತಿದೆ ಎನ್ನುವ ಅಂದಾಜು ಇತ್ತು. 6,000 ಗಂಟೆ ಆಯಸ್ಸಿಗೆಂದು ಮಾಡಿದ ದುಬಾರಿ ಫೈಟರ್, ಪೆಟ್ರೋಲ್ ಬಂಕಾಗಿ ಗಂಟೆ ಸವೆಸುತ್ತಿತ್ತು. ಅದೇ ಹೊತ್ತಿಗೆ ಇನ್ನೂ ಸಾವಿರಾರು ಗಂಟೆ ಆಯಸ್ಸು ಬಾಕಿ ಇದ್ದ ವೈಕಿಂಗ್‌ಗಳು ಅರಿಜೋನಾದ ಒಣ ಮೈದಾನದಲ್ಲಿ ಸಾಲಾಗಿ ನಿಂತಿದ್ದವು. ಕೊನೆಗೆ ಆ ಕೆಲಸಕ್ಕೆಂದೇ ಪೈಲಟ್ ಇಲ್ಲದ ಎಂಕ್ಯು-25 ವಿಮಾನದ ಗುತ್ತಿಗೆಯನ್ನು 2018ರಲ್ಲಿ ಬೋಯಿಂಗ್‌ಗೆ ಕೊಟ್ಟರು. ನಡುವೆ ಲಾಕ್‌ಹೀಡ್ ಒಂದು ಆಸೆ ತೋರಿಸಿತ್ತು. ಮೈದಾನದ ವೈಕಿಂಗ್‌ಗಳಿಗೆ ಹೊಸ ಮೈ ಕಟ್ಟಿ ಸಾಮಾನು ಸಾಗಿಸಲು ಕೊಡುತ್ತೇವೆ ಅಂತ. ನೌಕಾಪಡೆ ಆಸ್ಪ್ರೇ ವಿಮಾನ ಆರಿಸಿಕೊಂಡಿತು. ದಕ್ಷಿಣ ಕೊರಿಯಾ ಕೂಡ ಹಳೆ ವೈಕಿಂಗ್ ಕೊಳ್ಳುವ ಮಾತಾಡಿ ಸುಮ್ಮನಾಯಿತು.

ನಮ್ಮ ಕಡೆ

ಇದೇ ದಾರಿಯಲ್ಲಿ ನಾವು ಇವರಿಗಿಂತ ಹನ್ನೊಂದು ವರ್ಷ ಮೊದಲೇ ನಡೆದಿದ್ದೆವು. ಹಳೆಯ ಐಎನ್‌ಎಸ್ ವಿಕ್ರಾಂತ್ ಮೇಲೆ ಫ್ರಾನ್ಸಿನ ಅಲಿಜೆ ವಿಮಾನಗಳಿದ್ದವು. ಒಂಟಿ ಟರ್ಬೊಪ್ರಾಪ್ ಎಂಜಿನ್, ಮೂರು ಜನ, ಹೊಟ್ಟೆಯಿಂದ ಕೆಳಗಿಳಿಯುವ ರೇಡಾರ್ ಡಬ್ಬ. ನೌಕಾಪಡೆಯ 310ನೇ ದಳ 1961ರಲ್ಲಿ ಫ್ರಾನ್ಸಿನಲ್ಲೇ ಶುರುವಾಗಿತ್ತು. ಮನೆ ಗೋವಾದ ಡಾಬೋಲಿಂ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹಾರಿದ ದಳ ಅದು. 1987ರಲ್ಲಿ ವಿಕ್ರಾಂತ್‌ನ ಕೆಟಪಲ್ಟ್, ಅಂದರೆ ವಿಮಾನವನ್ನು ಕವಣೆಯಂತೆ ಎಸೆದು ಹಾರಿಸುವ ಯಂತ್ರ ತೆಗೆದು, ಸೀ ಹ್ಯಾರಿಯರ್ ಜೆಟ್‌ಗಳಿಗಾಗಿ ಮುಂದಿನ ಡೆಕ್ ಎತ್ತರಿಸುವ ಕೆಲಸ ಬಂದಾಗ ಅಲಿಜೆಗೆ ಹಡಗಿನ ಮೇಲೆ ಜಾಗ ಇಲ್ಲವಾಯಿತು. ಕೆಲವು ವರ್ಷ ದಡದಿಂದ ಹಾರಿ 1991ರಲ್ಲಿ ನಿವೃತ್ತವಾಯಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ವಿಮಾನವಾಹಕಗಳ ಮೇಲೆ ಈ ಕೆಲಸ ಹೆಲಿಕಾಪ್ಟರ್‌ಗಳದ್ದೇ. ದೂರಕ್ಕೆ ದಡದಿಂದ ಹಾರುವ ಪಿ-8ಐ ಇದೆ. ಅದಕ್ಕೂ ಮೊದಲು ಟುಪೊಲೆವ್-142 ಇತ್ತು. 2017ರಲ್ಲಿ ನಿವೃತ್ತವಾದ ಆ ದೈತ್ಯಗಳಲ್ಲಿ ಒಂದು ಈಗ ಕಾರವಾರದ ಕಡಲ ದಂಡೆಯಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಹೋದಾಗ ಹೊಟ್ಟೆಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಎಲ್ಲರೂ ಮೂಗಿನ ಮುಂದೆ ಸೆಲ್ಫಿ ತೆಗೆಯುತ್ತಾರೆ, ಕೆಲಸ ನಡೆಯುತ್ತಿದ್ದದ್ದು ಹೊಟ್ಟೆಯ ಕಡೆ.

ಕೊನೆಯ ವೈಕಿಂಗ್

ನೌಕಾಪಡೆ ಬಿಟ್ಟ ಮೇಲೂ ಒಂದು ವೈಕಿಂಗ್ ಹಾರುತ್ತಲೇ ಇತ್ತು. ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಗ್ಲೆನ್ ಕೇಂದ್ರದ ವಿಮಾನ ಅದು. ಮೈಗೆ ಬಿಳಿ ಬಣ್ಣ. ಡ್ರೋನ್‌ಗಳ ರೇಡಿಯೊ ಸಂಪರ್ಕದ ಪ್ರಯೋಗಕ್ಕೆ ಬಳಸಿದರು. ಈರಿ ಸರೋವರದಲ್ಲಿ ಬೇಸಿಗೆಯಲ್ಲಿ ಹಬ್ಬುವ ವಿಷದ ಪಾಚಿಯನ್ನು ಮೇಲಿನಿಂದ ಅಳೆಯಲೂ ಬಳಸಿದರು. ನೀರಿನಡಿ ಅವಿತದ್ದನ್ನು ಹುಡುಕಲು ಹುಟ್ಟಿದ ವಿಮಾನಕ್ಕೆ ನೀರಿನ ಮೇಲೆ ತೇಲುವ ಪಾಚಿ ಸಿಕ್ಕಿತು.

ಇಡೀ ಜಗತ್ತಿನಲ್ಲಿ ಹಾರುತ್ತಿದ್ದದ್ದು ಅದೊಂದೇ. ಹಾಗಾಗಿ ಬಿಡಿಭಾಗ ಹುಡುಕುವುದೇ ಅಲ್ಲಿನ ಮೆಕ್ಯಾನಿಕ್‌ಗಳ ದೊಡ್ಡ ಕೆಲಸವಾಗಿತ್ತು. 2021ರ ಜುಲೈನಲ್ಲಿ ಅದು ಕೊನೆಯ ಸಲ ಹಾರಿತು. ಹೋದದ್ದು ಸ್ಯಾನ್ ಡಿಯಾಗೋಗೆ, ಮ್ಯೂಸಿಯಂಗೆ. 1974ರಲ್ಲಿ ವೈಕಿಂಗ್ ಸೇವೆಗೆ ಸೇರಿದ ನಾರ್ತ್ ಐಲೆಂಡ್ ನೆಲೆ ಇರುವುದು ಅದೇ ಊರಿನಲ್ಲಿ, ಕೊಲ್ಲಿಯ ಆಚೆ ದಡದಲ್ಲಿ.